ಬೀರಪ್ಪಜ್ಜ ಕಟ್ಟಿದ ಎರಡು ಸಾಲು

ಬೆಳಿಗ್ಗೆ ನನ್ನ ಹೆಂಡತಿ ಟ್ರಂಕಿನ ತಳದಿಂದ ಕರಿ ಕಂಬಳಿ ತೆಗೆದು ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದಳು. ಅದರ ವಾಸನೆ ನಿಮಗೂ ಗೊತ್ತಿರಬಹುದು: ಕುರಿ, ಹೊಗೆ, ನೂಲಿಗೆ ಹಚ್ಚುವ ಹುಣಸೆ ಬೀಜದ ಗಂಜಿ ಮೂರೂ ಕೂಡಿದ್ದು. ಆ ವಾಸನೆ ಬಂದರೆ ನನ್ನ ಕಣ್ಣು ತಾನಾಗಿ ಹತ್ತಿರದ ಗಿಡ ಹುಡುಕುತ್ತದೆ. ಯಾಕೆ ಅಂತೀರಾ? ಹೇಳುತ್ತೇನೆ, ನಗಬಾರದು. ನಕ್ಕರೂ ನಡೆಯುತ್ತದೆ ಬಿಡಿ, ಈ ಮನೆಯಲ್ಲಿ ನನ್ನ ಮೇಲೆ ನಗುವವರಿಗೆ ಎಂದೂ ಕೊರತೆಯಾಗಿಲ್ಲ.

ಎಂಬತ್ತರ ದಶಕದ ಮಾತು. ಸುಗ್ಗಿ ಮುಗಿದ ಮೇಲೆ ಕುಪ್ಪೇಲೂರಿನ ನಮ್ಮ ಹೊಲಕ್ಕೆ ಬೀರಪ್ಪಜ್ಜನ ಕುರಿ ಹಿಂಡು ಬರುತ್ತಿತ್ತು. ನಾಲ್ಕು ದಿನ ಹೊಲದಲ್ಲಿ ಕುರಿ ನಿಲ್ಲಿಸಿದರೆ ನಮಗೆ ಗೊಬ್ಬರ, ಅವನಿಗೆ ಜೋಳ. ಹೆಗಲ ಮೇಲೊಂದು ಕಂಬಳಿ, ಕೈಯಲ್ಲೊಂದು ಕೋಲು, ಇಷ್ಟೇ ಸಂಸಾರ ಹೊತ್ತು ಊರೂರು ನಡೆಯುವ ಮನುಷ್ಯ. ಹೊರಡುವ ಮುಂಜಾನೆ ಆ ಹೊಲದವರ ಮೇಲೆ ಎರಡು ಸಾಲು ಕಟ್ಟಿ ಹಾಡುವುದು ಅವನ ರೂಢಿ. ಹಿಂಡಿನ ಜೊತೆ ಹಾಡೂ ಮುಂದಿನೂರಿಗೆ ಹೋಗುತ್ತಿತ್ತು. ನಮ್ಮ ಬದಿಯ ಹೊಲದವರ ನೀರು ಮಜ್ಜಿಗೆ ಹೀಗೆಯೇ ಹಾವೇರಿಯವರೆಗೆ ಹೆಸರಾಗಿತ್ತು. ಅದಕ್ಕೇ ನಮ್ಮವ್ವ ಆ ನಾಲ್ಕು ದಿನ ಗಟ್ಟಿ ಮೊಸರನ್ನೇ ಕಳಿಸುತ್ತಿದ್ದಳು.

ನಾನು ಆಗಷ್ಟೇ ಬಿ.ಎ. ಮುಗಿಸಿ, ನಾನೊಬ್ಬ ಕವಿ ಎಂದು ತಿಳಿದುಕೊಂಡಿದ್ದೆ. ಪತ್ರಿಕೆಯವರು ಇನ್ನೂ ತಿಳಿದುಕೊಂಡಿರಲಿಲ್ಲ. ಅಜ್ಜನ ಹಾಡು ಕೇಳಿ ಸುಮ್ಮನಿರಬೇಕಿತ್ತು. ಇರಲಿಲ್ಲ.

“ಅಜ್ಜಾ, ಸಾಲಿನ ಕೊನೀಗಷ್ಟ ಪ್ರಾಸ ಬಂದ್ರ ಸಾಲಂಗಿಲ್ಲ. ಮೊದಲಿಗೂ ಬರಬೇಕು. ಎರಡೂ ಸಾಲಿನಾಗ ಎರಡನೇ ಅಕ್ಷರ ಒಂದ ಇರಬೇಕು,” ಎಂದೆ.

“ಹೌದೇನ್ ತಮ್ಮಾ,” ಎಂದ ಅಜ್ಜ, ತಂಬಾಕು ತಿಕ್ಕುತ್ತ. “ಕುರಿಗೂ ಒಂದೀಟು ಹೇಳಿ ನೋಡು.”

ವಿವರಿಸುವ ಹುಮ್ಮಸ್ಸಿನಲ್ಲಿ ಕೈ ಜೋರಾಗಿ ಬೀಸಿದೆನೋ ಏನೋ, ಹಿಂಡಿನ ದೊಡ್ಡ ಟಗರು ತಲೆ ಬಗ್ಗಿಸಿತು. ಆಮೇಲಿನದು ನನಗೆ ಗೊತ್ತಿಲ್ಲ. ಎಚ್ಚರ ಬಂದಾಗ ನಾನು ಬೇವಿನ ಗಿಡದ ಮೇಲಿದ್ದೆ, ಚಪ್ಪಲಿ ಕೆಳಗಿದ್ದವು, ಅಜ್ಜ ಆಗಲೇ ಹಾಡು ಶುರು ಮಾಡಿದ್ದ:

ಬಿ.ಎ. ಓದಿದ ಹೊಲದ ಧಣಿ ಪ್ರಾಸ ಕಲಿಸಾಕ ಬಂದ,
ಟಗರು ಒಮ್ಮಿ ತಲಿ ಬಗ್ಗಿಸ್ಲು ಬೇವಿನ ಗಿಡ ಏರಿ ನಿಂದ.

ಹಿಂಡು ಮುಂದೆ ಬ್ಯಾಡಗಿ ಕಡೆ ಹೋಗುವುದಿತ್ತು. ನಾನೂ ಹದಿನೈದು ದಿನಕ್ಕೆ ಅಲ್ಲಿಗೇ ಹೆಣ್ಣು ನೋಡಲು ಹೋಗುವವನಿದ್ದೆ. ಅವಳನ್ನು ಯಾರದೋ ಮದುವೆಯಲ್ಲಿ ದೂರದಿಂದ ನೋಡಿ, ಆಗಲೇ ಒಂದು ಕವನ ಬರೆದು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ಈ ಸಂಬಂಧ ತಪ್ಪಿದರೆ ಬೇರೆ ಯಾರೂ ಬೇಡ ಎಂದು ಅವ್ವನಿಗೂ ಹೇಳಿಯಾಗಿತ್ತು.

“ಅಜ್ಜಾ, ಬ್ಯಾಡಗ್ಯಾಗ ಮಾತ್ರ ಇದನ್ನ ಹಾಡಬ್ಯಾಡ. ಅಲ್ಲೆ ಹೆಣ್ಣು ನೋಡೂದೈತಿ,” ಎಂದು ಗಿಡದ ಮೇಲಿಂದಲೇ ಕೈ ಮುಗಿದೆ.

“ಯಾರ ಮನಿ?”

ದಡ್ಡ ನಾನು, ಓಣಿ ಸಮೇತ ಹೇಳಿದೆ.

ಹುಡುಗಿಯ ಅಪ್ಪ ಮೆಣಸಿನಕಾಯಿ ವ್ಯಾಪಾರದವರು. ಜೊತೆಗೆ ಬಂದಿದ್ದ ನಮ್ಮ ಸೋದರಮಾವ ಅವರ ಹೊಸ್ತಿಲಲ್ಲೇ ಏಳು ಸಲ ಸೀನಿದ. ಸೀನುಗಳ ನಡುವೆ ಬಿಡುವು ಸಿಕ್ಕಾಗೆಲ್ಲ, “ನಮ್ಮ ಹುಡುಗಗ ಅಂಜಿಕಿ ಅನ್ನೂದ ಗೊತ್ತಿಲ್ರಿ,” ಎಂದು ಹೇಳುತ್ತ ಹೋದ. ಹುಡುಗಿ ಬಂದಳು, ಶಿರಾ ಇಟ್ಟಳು, ನನ್ನನ್ನೇ ನೋಡಿ ಕೇಳಿದಳು: “ಬೇವಿನ ಗಿಡ ಹತ್ತಿದವರು ನೀವ ಏನ್ರಿ?”

ಒಳಗೆ ಅಡುಗೆ ಮನೆಯಲ್ಲಿ ಯಾರೋ ಕಿಸಕ್ಕೆಂದರು. ಮಾವ ಸೀನುವುದನ್ನೂ ನಿಲ್ಲಿಸಿದ. ‘ಅಲ್ಲ’ ಎಂದಿದ್ದರೆ ಮುಗಿಯುತ್ತಿತ್ತು. ನಮ್ಮೂರಿನಲ್ಲಿ ಬಿ.ಎ. ಆದವರು ಇನ್ನೂ ಇಬ್ಬರಿದ್ದರು, ಅವರ ತಲೆಗೆ ಕಟ್ಟಬಹುದಿತ್ತು. ಅವಳ ಮುಖ ನೋಡಿದೆ, ಸುಳ್ಳು ಬಾಯಿಗೆ ಬರಲಿಲ್ಲ.

“ನಾನ ರೀ. ಆದ್ರ ಟಗರು ಭಾಳ ದೊಡ್ಡದಿತ್ರಿ.”

ಅವಳ ಅಪ್ಪ ನಕ್ಕ ಭರಕ್ಕೆ ಚಹಾ ಧೋತರದ ಮೇಲೆ ಬಿತ್ತು. ಸಂಜೆಯೊಳಗೆ ಮಾತುಕತೆ ಮುಗಿದಿತ್ತು. “ಇಲ್ಲ ಅಂದಿದ್ರ ನಾನೂ ಇಲ್ಲ ಅಂತಿದ್ದೆ,” ಎಂದು ಅವಳು ಮದುವೆಯಾದ ಮೇಲೆ ಹೇಳಿದಳು. ಜೇಬಿನ ಕವನ ಅಂಗಿಯ ಜೊತೆ ಒಗೆಯಲು ಹೋಗಿ ಹಿಟ್ಟಾಯಿತು. ಮದುವೆಗೆ ಬೀರಪ್ಪಜ್ಜ ತಂದುಕೊಟ್ಟ ಉಡುಗೊರೆಯೇ ಈ ಕಂಬಳಿ.

ಇಷ್ಟು ನೆನೆಯುತ್ತ ಮಾಳಿಗೆಯ ಮೇಲೆ ಕೂತಿದ್ದೆ, ನಮ್ಮ ರಾಣೇಬೆನ್ನೂರಿನ ಮನೆಯ ಮುಂದಿನ ರಸ್ತೆಯಲ್ಲಿ ಕುರಿ ಗಂಟೆ ಕೇಳಿತು. “ನಿಮ್ಮ ಹಾಡು ಬಂತು ನೋಡ್ರಿ,” ಎಂದಳು ಹೆಂಡತಿ. ಹಿಂಡಿನ ಹಿಂದೆ ಮೀಸೆ ಹೊತ್ತ ತರುಣನೊಬ್ಬ ಹಾಡುತ್ತ ಬರುತ್ತಿದ್ದ:

ಕುರಿಯ ಹಾಡಿನಾಗ ತಪ್ಪು ಹುಡುಕುತ ಶಾಣ್ಯಾ ಒಬ್ಬ ಬಂದ,
ಮರಿಯೊಂದು ಬ್ಯಾ ಅನ್ನೂದ ತಡ, ಬೇವಿನ ಗಿಡ ಏರಿ ನಿಂದ.

ಮರಿಯೇ? ಬರಿಗಾಲಲ್ಲೇ ಕೆಳಗಿಳಿದೆ. “ತಮ್ಮಾ, ಅದು ಮರಿ ಅಲ್ಲ, ಟಗರು.”

“ಮೊದಲ ಟಗರಂತನ ಇತ್ರಿ. ನಮ್ಮ ಮುತ್ಯಾ ಬೀರಪ್ಪ ಕಡೀ ಕಾಲಕ್ಕ ತಿದ್ದಿದ. ಸಾಲಿನ ಮೊದಲಿಗೂ ಪ್ರಾಸ ಬರಬೇಕಂತ ಗಿಡದ ಮ್ಯಾಲಿನ ಕವಿ ಹೇಳಿದ್ರಂತ. ಖರೇನ ಹೇಳ್ಯಾರ ಅಂತಿದ್ದ.”

ಕುರಿ, ಮರಿ. ಪ್ರಾಸ ಕೂಡಿತ್ತು. ನನ್ನ ಮಾತು ಕೇಳಿ ಒಂದು ಸಾಲು ತಿದ್ದಿದವನು ಈ ಭೂಮಿಯ ಮೇಲೆ ಬೀರಪ್ಪಜ್ಜನೊಬ್ಬನೇ.

“ಆ ಕವಿ ನಾನ ಪಾ,” ಎಂದೆ.

ಅವನು ನನ್ನ ಹೊಟ್ಟೆಯನ್ನೊಮ್ಮೆ ನೋಡಿ, ನಂಬಲು ತುಸು ಹೊತ್ತು ತೆಗೆದುಕೊಂಡ. “ಹಂಗಾರ ತಿರುಗಿ ಟಗರು ಅಂತ ಹಾಡ್ಲೇನ್ರಿ?”

“ಬ್ಯಾಡ. ಹಂಗ ಇರ್ಲಿ.”

ಮೇಲೆ ಬಂದಾಗ ಹೆಂಡತಿ ಕಂಬಳಿ ಮಗುಚಿ ಹಾಕುತ್ತಿದ್ದಳು. “ಏನ್ ಹೇಳಿದ್ರಿ ಅವಗ?”

“ಟಗರು ಸಣ್ಣದಿತ್ತು ಅಂದೆ.”