ತೊಂಬತ್ತಾರು ಜನರಿಗೆ ಅಕ್ಕಿ

ಕಮಲಾಕ್ಷಿ ಆಂಟಿ ಜನರನ್ನು ಒಬ್ಬೊಬ್ಬರಾಗಿ ಎಣಿಸುತ್ತಿರಲಿಲ್ಲ, ಮೂವರು ಮೂವರಾಗಿ ಎಣಿಸುತ್ತಿದ್ದರು. ಒಂದು ಪಾವು ಅಕ್ಕಿಯ ಅನ್ನ ಮೂರು ಜನಕ್ಕೆ ಎಂಬುದು ಅವರ ಅಳತೆ. ಸಿಂಗಪುರದ ಚೋವಾ ಚು ಕಾಂಗ್‌ನಲ್ಲಿ ಎಂಆರ್‌ಟಿ ರೈಲು ಹತ್ತಿದರೆ ಸಾಕು, ಕಂಬಿ ಹಿಡಿದು ನಿಂತವರು, ಫೋನು ನೋಡುತ್ತ ಕೂತವರು, ತೂಕಡಿಸುವವರು, ಎಲ್ಲರ ಮೇಲೂ ಅವರ ಕಣ್ಣು ನಿಧಾನವಾಗಿ ಹಾದುಹೋಗುತ್ತಿತ್ತು. ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಓಡಾಡುತ್ತಿತ್ತು. ಆಮೇಲೆ ನನ್ನ ಕಡೆ ಬಾಗಿ, “ಈ ಬೋಗಿಗೆ ಇಪ್ಪತ್ತೆರಡು ಪಾವು ಬೇಕು ಕಣೋ ಮಂಜು” ಅನ್ನುತ್ತಿದ್ದರು. ಯಾರೂ ಅವರನ್ನು ಊಟ ಕೇಳಿರಲಿಲ್ಲ. ಆದರೂ ಇಳಿಯುವ ಸ್ಟೇಷನ್ ಬರುವುದರೊಳಗೆ ಅಷ್ಟೂ ಜನರಿಗೆ ಮನಸ್ಸಿನಲ್ಲೇ ಅಕ್ಕಿ ಅಳೆದು ಮುಗಿಸಿರುತ್ತಿದ್ದರು.

ಮೈಸೂರಿನಲ್ಲಿ ಅವರ ಅತ್ತೆಮನೆಯವರು ಕಾಲೇಜು ಹುಡುಗರಿಗೆ ಮೆಸ್ ನಡೆಸುತ್ತಿದ್ದರು. ಮೂವತ್ತು ವರ್ಷ ಆ ಒಲೆಯ ಮುಂದೆ ನಿಂತ ಆಂಟಿ, ಗಂಡ ತೀರಿಕೊಂಡ ಮೇಲೆ ಮಗಳು ರೂಪಕ್ಕನ ಜೊತೆ ಇರಲು ಸಿಂಗಪುರಕ್ಕೆ ಬಂದಿದ್ದರು. ನಾನು ಡಿಪ್ಲೊಮಾ ಮುಗಿಸಿ ಕಾಕಿ ಬುಕಿತ್‌ನ ಒಂದು ಗೋದಾಮಿನಲ್ಲಿ ಸ್ಟೋರ್ಸ್ ಕೆಲಸಕ್ಕೆ ಸೇರಿದ್ದೆ. ಆಗಿನ್ನೂ ಕಾಕಿ ಬುಕಿತ್‌ಗೆ ಎಂಆರ್‌ಟಿ ಬಂದಿರಲಿಲ್ಲ. ನಮ್ಮ ಕಡೆಯ ಕೆಲವು ಮನೆಯವರು ಸೇರಿ ಹಬ್ಬದ ಊಟ ಮಾಡುತ್ತಾರೆಂದು ಯಾರೋ ಹೇಳಿದರು. ಎರಡು ಬಸ್ಸು ಬದಲಿಸಿ ಹೋದೆ. ನನಗೆ ಮೊದಲು ಬಡಿಸಿದವರು ಆಂಟಿ.

ನಾನು ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಒಂದೊಂದಾಗಿ ಎಣಿಸಿ, ನಡುವೆ ತಪ್ಪಿ, ಮತ್ತೆ ಮೊದಲಿಂದ ಶುರು ಮಾಡುತ್ತಿದ್ದ ಕಾಲ ಅದು. ಊಟದ ಎಲೆ ಮುಂದೆ ಅದನ್ನು ಹೇಳಿಕೊಂಡಾಗ ಆಂಟಿ ನಗಲಿಲ್ಲ. ಕೆಳಗಿನ ಒಂದು ಅಂತಸ್ತು ಎಣಿಸಿಕೊಂಡು, ಎಷ್ಟು ಅಂತಸ್ತು ಇದೆಯೋ ಅಷ್ಟರಿಂದ ಗುಣಿಸು ಎಂದರು. ಹುಳಿಯ ಪಾತ್ರೆ ಹಿಡಿದು ಎರಡು ಹೆಜ್ಜೆ ಮುಂದೆ ಹೋದವರು ತಿರುಗಿ ಬಂದು, “ತುದೀದು ಮಾತ್ರ ಬೇರೆ ಎಣಿಸು. ಅದು ಯಾವಾಗ್ಲೂ ತುಂಬಿರಲ್ಲ” ಎಂದರು. ಅವರು ಗೋದಾಮಿನ ಒಳಗೆ ಕಾಲಿಟ್ಟವರೇ ಅಲ್ಲ.

ಆ ಗುಂಪಿನಲ್ಲಿ ಹೆಚ್ಚಿನವರು ಸಾಫ್ಟ್‌ವೇರಿನವರು. ಒಮ್ಮೆ ಅವರಲ್ಲೊಬ್ಬರು ನಾಲ್ಕು ಜನರ ಬಿಸಿಬೇಳೆಭಾತಿನ ಅಳತೆಯನ್ನು ಕಂಪ್ಯೂಟರಿಗೆ ಹಾಕಿ, ಎಲ್ಲವನ್ನೂ ಇಪ್ಪತ್ತರಿಂದ ಗುಣಿಸಿ, ಚೆಂದದ ಪಟ್ಟಿ ಮಾಡಿ ತಂದಿದ್ದರು. ಆಂಟಿ ಕನ್ನಡಕ ಹಾಕಿಕೊಂಡು ಓದುತ್ತ ಒಂದು ಸಾಲಿನಲ್ಲಿ ನಿಂತರು.

“ಎಂಬತ್ತು ಲವಂಗ ಹಾಕಿದ್ರೆ ಅದು ಊಟ ಅಲ್ಲಪ್ಪ, ಹಲ್ಲುನೋವಿನ ಔಷಧಿ. ಅಕ್ಕಿ ಗುಣಿಸು, ಬೇಳೆ ಗುಣಿಸು. ಲವಂಗ, ಉಪ್ಪು ಎಷ್ಟು ಅಂತ ಪಾತ್ರೆನೇ ಕೇಳ್ಬೇಕು.”

ಪಟ್ಟಿ ತಂದವರೂ ನಕ್ಕರು. ಅಂದಿನಿಂದ ಆಂಟಿ ಲೆಕ್ಕ ಹೇಳುವುದು, ನಾನು ಬರೆದುಕೊಂಡು ಸಾಮಾನು ತರುವುದು ಎಂದಾಯಿತು.

ಮೊಮ್ಮಗಳು ಅನನ್ಯಳ ಹೋಮ್‌ವರ್ಕಿನ ಮುಂದೆಯೂ ಅವರು ಹೀಗೆಯೇ ಕೂರುತ್ತಿದ್ದರು. ಐವತ್ತು ಬಿಸ್ಕತ್ತನ್ನು ಎಂಟು ಮಕ್ಕಳಿಗೆ ಹಂಚಿದ ಹುಡುಗಿ ತಲಾ ಆರು, ಶೇಷ ಎರಡು ಎಂದು ಬರೆದು ಪುಸ್ತಕ ಮುಚ್ಚಿದ್ದಳು. ಆ ಎರಡು ಎಲ್ಲಿ ಹೋದವು ಎಂದು ಅಜ್ಜಿ ಕೇಳಿದರು.

“ಅಜ್ಜಿ, ರಿಮೇಂಡರ್ ಅಂತ ಬರೆದ್ರೆ ಸಾಕು ಲಾ” ಎಂದು ಅವಳು ಸಿಂಗಪುರದವರ ಹಾಗೆ ರಾಗ ಎಳೆದಳು.

“ಬಿಸ್ಕತ್ತಾದ್ರೆ ಸಾಕು. ಐವತ್ತು ಮಕ್ಕಳು, ಬೆಂಚಿಗೆ ಎಂಟು ಜನ. ಎಷ್ಟು ಬೆಂಚು ಬೇಕು?”

ಆರು, ಅಂದಳು ಅನನ್ಯ.

“ಹಂಗಾದ್ರೆ ಇಬ್ರು ವರ್ಷಪೂರ್ತಿ ನಿಂತ್ಕೊಂಡೇ ಪಾಠ ಕೇಳ್ಲಿ ಬಿಡು.”

ಹುಡುಗಿ ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿಕೊಂಡಿದ್ದು, ಮೆಲ್ಲಗೆ ಏಳು ಎಂದಳು.

ಆಂಟಿಯ ಬಗ್ಗೆ ಇಷ್ಟನ್ನು ನಾನು ಯಾರ ಮುಂದೆಯೂ ಹೇಳಬಲ್ಲೆ. ಇನ್ನು ಮುಂದಿನದನ್ನು ಬಹಳ ದಿನ ಹೇಳಲಿಲ್ಲ.

ಆ ವರ್ಷ ಯುಗಾದಿ ಊಟಕ್ಕೆ ತೊಂಬತ್ತಾರು ಜನ ಎಂದು ಖಚಿತವಾಗಿತ್ತು. ಹಿಂದಿನ ವಾರ ರೂಪಕ್ಕನ ಮನೆಯಲ್ಲಿ ಐದಾರು ಜನ ಕೂತು ಪಟ್ಟಿ ಬರೆಯುತ್ತಿದ್ದೆವು. ಅಕ್ಕಿಯ ಸಾಲಿಗೆ ಬಂದಾಗ ಪೆನ್ನು ನಿಲ್ಲಿಸಿ ಆಂಟಿಯ ಮುಖ ನೋಡಿದೆ. ಬೇರೆ ದಿನವಾಗಿದ್ದರೆ ನಾನು ಜನರ ಸಂಖ್ಯೆ ಹೇಳಿ ಮುಗಿಸುವುದರೊಳಗೆ ಉತ್ತರ ಬರುತ್ತಿತ್ತು. ಅಂದು ಹೆಬ್ಬೆರಳು ಗೆಣ್ಣುಗಳ ಮೇಲೆ ಎರಡು ಸುತ್ತು ಹೋಗಿ ಬಂತು.

“ಇಪ್ಪತ್ತು ಪಾವು. ಐದು ಕೆಜಿ ಚೀಲ ಒಂದು ತಾ” ಎಂದರು.

ತೊಂಬತ್ತಾರನ್ನು ಮೂರರಿಂದ ಭಾಗಿಸಿದರೆ ಮೂವತ್ತೆರಡು. ನಾಲ್ಕು ಪಾವಿಗೆ ಒಂದು ಕೆಜಿ ಎಂದು ಹಿಡಿದರೆ ಎಂಟು ಕೆಜಿ. ಇದು ನನಗೇ ತಿಳಿಯುತ್ತಿತ್ತು. ಉಳಿದವರು ಚಪ್ಪರದ ತೋರಣ, ಕುರ್ಚಿ ಎಂದು ಮಾತಾಡುತ್ತಿದ್ದರು, ಯಾರೂ ಗಮನಿಸಲಿಲ್ಲ. ಹಿರಿಯರು, ಅದರಲ್ಲೂ ಲೆಕ್ಕದಲ್ಲಿ ಎಂದೂ ತಪ್ಪದವರು. ಅಷ್ಟು ಜನರ ನಡುವೆ ನಾನು ತಿದ್ದುವುದೇ? ಅವರು ಹೇಳಿದ್ದನ್ನು ಬಿಟ್ಟು ಎಂಟು ಕೆಜಿ ಎಂದು ಬರೆದುಕೊಂಡೆ. ಒಳ್ಳೆಯ ಕೆಲಸ ಮಾಡಿದೆ ಎಂಬ ಸಮಾಧಾನವೂ ಆಯಿತು.

ಹಬ್ಬದ ಬೆಳಿಗ್ಗೆ ಅಡುಗೆಮನೆಯಲ್ಲಿ ಐದು ಕೆಜಿಯದೊಂದು, ಮೂರು ಕೆಜಿಯದೊಂದು, ಎರಡು ಚೀಲ ನೋಡಿ ಆಂಟಿ ನಿಂತರು.

“ಎರಡು ಯಾಕೋ? ನಾನು ಒಂದು ಅಂದಿದ್ದೆ ಅಲ್ವಾ?”

“ಇಲ್ಲ ಆಂಟಿ, ಮೂವತ್ತೆರಡು ಪಾವು ಅಂದ್ರಿ. ನೀವು ಹೇಳಿದ್ದೇ ಬರ್ಕೊಂಡಿದ್ದೀನಿ.”

ಅವರು ನನ್ನನ್ನೇ ನೋಡಿದರು. ಕಣ್ಣಿನಲ್ಲಿ ಕೋಪವಿರಲಿಲ್ಲ. ದಾರಿ ಕೇಳುವವರ ನೋಟ ಅದು.

“ಹಂಗಂದ್ನಾ?” ಎಂದರು. “ಸರಿ ಬಿಡು.”

ಅಕ್ಕಿಯನ್ನು ನಾಲ್ಕು ಮನೆಗಳಲ್ಲಿ ಬೇಯಿಸಿ, ಲಿಫ್ಟಿನಲ್ಲಿ ಇಳಿಸಿ, ಬ್ಲಾಕಿನ ಕೆಳಗಿನ ತೆರೆದ ಜಾಗದಲ್ಲಿ, ವಾಯ್ಡ್ ಡೆಕ್‌ನಲ್ಲಿ, ಬಡಿಸಿದೆವು. ಒಂದು ತುತ್ತೂ ಕಡಿಮೆಯಾಗಲಿಲ್ಲ. ಆಂಟಿಯ ಲೆಕ್ಕ ಅಂದರೆ ಲೆಕ್ಕ ಎಂದು ಎಲ್ಲರೂ ಹೊಗಳಿದರು. ಆಂಟಿ ಆ ಮಾತಿಗೆ ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುರ್ಚಿಯಲ್ಲಿ ಕೂತಿದ್ದರು. ನಾನು ಅವರನ್ನು ಕೊನೆಯದಾಗಿ ನೋಡಿದ್ದು ಹಾಗೆ.

ಎರಡು ವಾರ ಕಳೆದಿರಲಿಲ್ಲ. ಒಂದು ಮಧ್ಯಾಹ್ನ, ರೂಪಕ್ಕ ಆಫೀಸಿನಲ್ಲಿ, ಅನನ್ಯ ಶಾಲೆಯಲ್ಲಿ ಇದ್ದಾಗ, ಆಂಟಿ ಮನೆಯಲ್ಲಿ ಒಬ್ಬರೇ ಬಿದ್ದರು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆಸ್ಪತ್ರೆಯಲ್ಲಿ ಎರಡು ದಿನ ಇದ್ದರು, ಅಷ್ಟೆ. ಮೊದಲೇ ಸಣ್ಣದೊಂದು ಸ್ಟ್ರೋಕ್ ಆಗಿಹೋಗಿರಬಹುದು, ಮಾತಿನಲ್ಲೋ ಲೆಕ್ಕದಲ್ಲೋ ವ್ಯತ್ಯಾಸ ಕಂಡಿತ್ತೇ ಎಂದು ಡಾಕ್ಟರು ವಿಚಾರಿಸಿದರಂತೆ. ರೂಪಕ್ಕ ಅದೇ ಪ್ರಶ್ನೆಯನ್ನು ಬಂದವರಿಗೆಲ್ಲ ಕೇಳುತ್ತಿದ್ದರು. ನನ್ನನ್ನೂ ಕೇಳಿದರು.

“ಮಂಜು, ಲಿಸ್ಟ್ ಮಾಡೋವಾಗ ನೀನೇ ಪಕ್ಕದಲ್ಲಿದ್ದೆ. ಅಮ್ಮ ಸರಿಯಾಗಿದ್ರಾ?”

“ಸರಿಯಾಗಿದ್ರು ಅಕ್ಕ. ಲೆಕ್ಕ ಎಲ್ಲ ಅವರೇ ಹೇಳಿದ್ದು” ಎಂದೆ.

ಗೋದಾಮಿನಲ್ಲಿ ಪೆಟ್ಟಿಗೆಗಳ ನಡುವೆ ನಿಂತಾಗ ಅಂದಿನ ಲೆಕ್ಕ ತಾನಾಗಿ ಬರುತ್ತದೆ. ಮೂವತ್ತೆರಡರಲ್ಲಿ ಇಪ್ಪತ್ತು ಕಳೆದರೆ ಹನ್ನೆರಡು ಪಾವು. ಹನ್ನೆರಡು ಮೂರಲಿ ಮೂವತ್ತಾರು. ನಾನು ಬಾಯಿ ಮುಚ್ಚಿಕೊಂಡು ಅವರು ಹೇಳಿದ ಒಂದೇ ಚೀಲ ತಂದಿದ್ದರೆ ಮೂವತ್ತಾರು ಜನ ಖಾಲಿ ಎಲೆ ಮುಂದೆ ಕಾಯುತ್ತಿದ್ದರು. ಎಲ್ಲರೂ ತಿರುಗಿ ಆಂಟಿಯನ್ನು ನೋಡುತ್ತಿದ್ದರು. ಅಮ್ಮನಿಗೆ ಏನಾಗಿದೆ ಎಂದು ರೂಪಕ್ಕ ಆ ಸಂಜೆಯೇ ಕೇಳುತ್ತಿದ್ದರು. ಆಗಲೂ ಉಳಿಯುತ್ತಿದ್ದರೋ ಇಲ್ಲವೋ ನಾನರಿಯೆ. ಕೇಳುವುದಕ್ಕೊಂದು ಅವಕಾಶ ಇತ್ತು. ಅದನ್ನು ಮೂರು ಕೆಜಿ ಅಕ್ಕಿಯಿಂದ ಮುಚ್ಚಿದವನು ನಾನು.

ರೂಪಕ್ಕ ಈಗ ಪಾಸಿರ್ ರಿಸ್‌ಗೆ ಶಿಫ್ಟ್ ಆಗಿದ್ದಾರೆ. ಕಳೆದ ಭಾನುವಾರ ಹೋಗಿ ಹೇಳಿದೆ, ಚೀಲದ ಮುಂದೆ ನಾನು ಆಡಿದ ಸುಳ್ಳನ್ನೂ ಸೇರಿಸಿ.

“ಎಷ್ಟು ಅಂದ್ರು ಅಮ್ಮ?” ಎಂದು ಕೊನೆಗೆ ಕೇಳಿದರು.

“ಇಪ್ಪತ್ತು.”

ರೂಪಕ್ಕ ತಲೆಯಾಡಿಸಿ, ಕಾಫಿ ಮಾಡ್ತೀನಿ ಎಂದು ಎದ್ದು ಒಳಗೆ ಹೋದರು. ನಲ್ಲಿ ಬಿಟ್ಟ ಸದ್ದು ಕೇಳಿಸಿತು. ನಾನು ಬಹಳ ಹೊತ್ತು ಕೂತೇ ಇದ್ದೆ. ನೀರು ಹರಿಯುತ್ತಲೇ ಇತ್ತು.