ಸಮಿತಿ ಕೊಠಡಿಯ ಬಾಗಿಲಲ್ಲಿ ಪ್ರತಿಯಕ್ಕ

ಎತ್ತರದ ಕಿಟಕಿಗಳಿಗೆ ಬೆಳಕು ಈಗಷ್ಟೇ ತಾಗುತ್ತಿದೆ. ಸದನದ ಸಭಾಂಗಣದಲ್ಲಿ ಕುರ್ಚಿಗಳೆಲ್ಲ ಖಾಲಿ. ಅವುಗಳ ನಡುವಿನ ಓಣಿಯಲ್ಲಿ ಒಬ್ಬ ಹೆಂಗಸು ತಳ್ಳುಗಾಡಿ ನೂಕಿಕೊಂಡು ಬರುತ್ತಾರೆ. ಗಾಡಿಯ ತುಂಬ ಹೊಸ ಮಸೂದೆಯ ಪ್ರತಿಗಳು. ಶಾಯಿಯ ವಾಸನೆ ಇನ್ನೂ ಹೋಗಿಲ್ಲ. ಪ್ರತಿ ಮೇಜಿನ ಮುಂದೆಯೂ ನಿಲ್ಲುತ್ತಾರೆ, ಒಂದು ಪ್ರತಿ ಇಡುತ್ತಾರೆ, ಅಂಗೈಯಿಂದ ಒಮ್ಮೆ ಒತ್ತಿ ಮುಂದೆ ಹೋಗುತ್ತಾರೆ. ಇವತ್ತಿನದು ದೋಣಿಗಳ ಪರವಾನಗಿಗೆ ಸಂಬಂಧಿಸಿದ್ದು.

“ಕೂಗಾಡೋ ಮೇಜು, ನಿದ್ದೆ ಹೊಡೆಯೋ ಮೇಜು, ನನಗೆ ಎಲ್ಲಾ ಒಂದೇ,” ಎಂದು ನಗುತ್ತಾರೆ. “ಒಬ್ಬರಿಗೆ ಸಿಗದಿದ್ರೂ ಸಾಕು, ಎದ್ದು ನಿಂತು ‘ನಾನು ನೋಡೇ ಇಲ್ಲ’ ಅಂತಾರೆ. ಮಸೂದೆ ಅಲ್ಲಿಗೇ ನಿಂತುಹೋಗುತ್ತೆ.”

ಕಾವಲುಗಾರರಿಂದ ಹಿಡಿದು ಸಭಾಧ್ಯಕ್ಷರವರೆಗೆ ಎಲ್ಲರ ಬಾಯಲ್ಲೂ ಇವರು ‘ಪ್ರತಿಯಕ್ಕ’. ಹಿರಿಯ ಸದಸ್ಯರೊಬ್ಬರು ದಿನವೂ ತಮಾಷೆ ಮಾಡುತ್ತಾರೆ: “ಪ್ರತಿಯಕ್ಕ, ಇಷ್ಟು ದಪ್ಪದ್ದನ್ನ ಯಾರು ಓದ್ತಾರೆ? ಒಂದು ಸಾಲಲ್ಲಿ ಹೇಳಿಬಿಡಿ.” ಅದಕ್ಕೆ ಇವರ ಉತ್ತರವೂ ದಿನಾ ಒಂದೇ. “ಓದಲಿ ಅಂತಾನೇ ಅಲ್ವಾ ಸಾರ್ ನಿಮಗೆ ವೋಟು ಹಾಕಿರೋದು?”

ಕಲಾಪ ಶುರುವಾದ ಮೇಲೆ ಮಸೂದೆ ಮಂಡನೆ ಹೊರಗಿನವರು ಅಂದುಕೊಂಡಷ್ಟು ಗದ್ದಲದ ಸಂಗತಿಯೇನಲ್ಲ. ಮಂಡಿಸುವವರು ಎದ್ದು ಅನುಮತಿ ಕೇಳುತ್ತಾರೆ. ಸಭಾಧ್ಯಕ್ಷರು ಸದನದ ಅಭಿಪ್ರಾಯ ಕೇಳುತ್ತಾರೆ. ‘ಹೌದು’ ಎಂಬ ದನಿ ಮೇಲಾದರೆ ಮಸೂದೆಯ ಶೀರ್ಷಿಕೆ ಓದಿ, ಸಂಬಂಧಪಟ್ಟ ಸಮಿತಿಗೆ ಒಪ್ಪಿಸುತ್ತಾರೆ. ಒಂದು ಲೋಟ ಚಹಾ ಆರುವುದರೊಳಗೆ ಎಲ್ಲ ಮುಗಿದಿರುತ್ತದೆ. ನಿಜವಾದ ಜಗ್ಗಾಟ ಆಮೇಲೆ, ಮೇಲಿನ ಮಹಡಿಯ ಸಮಿತಿ ಕೊಠಡಿಗಳಲ್ಲಿ. ಪ್ರತಿಯಕ್ಕನೂ ಮಸೂದೆಯ ಬೆನ್ನಿಗೇ ಮೆಟ್ಟಿಲು ಹತ್ತುತ್ತಾರೆ. ಉದ್ದನೆಯ ಮೇಜಿಗೆ ಪ್ರತಿ ಹೊಂದಿಸಬೇಕು, ಮೈಕು ನೋಡಬೇಕು, ನೀರಿಡಬೇಕು. ಅಭಿಪ್ರಾಯ ಹೇಳಲು ಬಂದ ಸಾರ್ವಜನಿಕರನ್ನು ಬಾಗಿಲಲ್ಲಿ ನಿಂತು ಒಬ್ಬೊಬ್ಬರಾಗಿ ಒಳಗೆ ಕರೆಯಬೇಕು.

ಈ ಕೆಲಸಕ್ಕೆ ಬರುವ ಮುಂಚೆ ಇವರೂ ಇವರ ತಂಗಿಯೂ ಒಂದು ದೊಡ್ಡ ಲಾಂಡ್ರಿಯಲ್ಲಿದ್ದರು. ಆಸ್ಪತ್ರೆಗಳ ಹಾಸು ಹೊದಿಕೆಗಳು ರಾಶಿ ರಾಶಿಯಾಗಿ ಬಂದು ಬೀಳುತ್ತಿದ್ದ ಜಾಗ. ಒದ್ದೆ ಬಟ್ಟೆಯ ಒಂದೊಂದು ತುದಿಯನ್ನು ಒಬ್ಬೊಬ್ಬರು ಹಿಡಿದು ಬಿಸಿ ರೋಲರಿನ ಬಾಯಿಗೆ ಕೊಡಬೇಕು. ಒಂದು ಮಧ್ಯಾಹ್ನ ಮಡಿಕೆಯೊಳಗೆ ತಂಗಿಯ ಬಲಗೈ ಸಿಕ್ಕಿಕೊಂಡಿತು. ಇನ್ನೊಂದು ತುದಿಯಲ್ಲಿದ್ದವರು ಅಕ್ಕನೇ. ಯಂತ್ರ ನಿಲ್ಲಿಸುವ ಸ್ವಿಚ್ಚು ಕೋಣೆಯ ಆಚೆ ಗೋಡೆಯ ಮೇಲಿತ್ತು. ಎದ್ದೆನೋ ಬಿದ್ದೆನೋ ಎಂದು ಓಡಿದರು. ಅಷ್ಟರಲ್ಲಿ ಕೈ ಹೋಗಿತ್ತು.

“ಆ ಓಟ ಇವತ್ತಿಗೂ ಕನಸಲ್ಲಿ ಬರುತ್ತೆ. ಎಷ್ಟು ಓಡಿದ್ರೂ ಗೋಡೆ ದೂರಾನೇ ಇರುತ್ತೆ.”

ಆಮೇಲೆ ಇಬ್ಬರೂ ಅಲ್ಲಿಗೆ ಕಾಲಿಡಲಿಲ್ಲ. ಅಕ್ಕನಿಗೆ ಸದನದಲ್ಲಿ ಕೆಲಸ ಸಿಕ್ಕಿತು. ಜೊತೆಯಲ್ಲೇ ಉಳಿದ ತಂಗಿ ತಲೆ ಬಾಚುವುದರಿಂದ ಗುಂಡಿ ಹಾಕುವವರೆಗೆ ಎಲ್ಲವನ್ನೂ ಎಡಗೈಯಲ್ಲಿ ಕಲಿತರು. “ಮೊದಲು ಕಲಿತಿದ್ದು ನನ್ನ ಮೇಲೆ ಲೋಟ ಎಸೆಯೋದು. ಗುರಿ ತಪ್ಪುತ್ತಲೇ ಇರಲಿಲ್ಲ,” ಎನ್ನುತ್ತಾರೆ ಪ್ರತಿಯಕ್ಕ. ಅಪಘಾತದ ಬಗ್ಗೆ ಮಾತ್ರ ಇಬ್ಬರೂ ತುಟಿ ಬಿಚ್ಚುತ್ತಿರಲಿಲ್ಲ. ತಾನು ಬೇಗ ಸ್ವಿಚ್ಚು ಮುಟ್ಟಲಿಲ್ಲವೆಂದು ತಂಗಿಗೆ ಒಳಗೊಳಗೇ ಸಿಟ್ಟಿದೆ ಎಂದು ಅಕ್ಕ ನಂಬಿಬಿಟ್ಟಿದ್ದರು.

ಕಳೆದ ವರ್ಷ ಒಂದು ಬೆಳಿಗ್ಗೆ ಪ್ರತಿ ಹಂಚುತ್ತಿದ್ದಾಗ ಶೀರ್ಷಿಕೆಯ ಮೇಲೆ ಕಣ್ಣು ಬಿತ್ತು. ಕೆಲಸದ ಜಾಗಗಳಲ್ಲಿ ಓಡುವ ಯಂತ್ರಗಳಿಗೆ ಸುರಕ್ಷತೆಯ ವ್ಯವಸ್ಥೆ ಇರಬೇಕೆಂಬ ಮಸೂದೆ. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ, ಸದಸ್ಯರೊಬ್ಬರ ಕುರ್ಚಿಯಲ್ಲಿ ಕೂತುಬಿಟ್ಟರು. ಅಂದೇ ಮಧ್ಯಾಹ್ನ ಮಸೂದೆ ಮಂಡನೆಯಾಗಿ ಕಾರ್ಮಿಕ ಸಮಿತಿಗೆ ಹೋಯಿತು. ಹೇಳುವುದಿದ್ದವರು ಬಂದು ಹೇಳಬಹುದು ಎಂದು ಸಮಿತಿ ಪ್ರಕಟಿಸಿತು.

ಸಂಜೆ ಮನೆಯಲ್ಲಿ ಮಾತು ತೆಗೆದರು. “ನೀನು ಹೋಗಿ ಹೇಳು.”

“ನಾನಾ? ಆ ಕೋಟಿನವರ ಮುಂದೆ?” ತಂಗಿ ಮುಖ ತಿರುಗಿಸಿದರು. “ದಿನಾ ಅಲ್ಲೇ ಇರ್ತೀಯಲ್ಲ, ನೀನೇ ಹೇಳು.”

“ನಾನಲ್ಲಿ ಕೆಲಸದವಳು, ಬಾಯಿ ತೆಗೆಯೋ ಹಾಗಿಲ್ಲ. ಕೈ ಹೋಗಿರೋದು ನಿಂದು. ಮಾತೂ ನಿಂದೇ ಆಗಬೇಕು.”

ಅಕ್ಕ ಪಟ್ಟು ಬಿಡಲಿಲ್ಲ; ಊಟಕ್ಕೆ ಕೂತಾಗಲೆಲ್ಲ ಅದೇ ರಾಗ. ಕೊನೆಗೆ ತಂಗಿಯೇ ಸೋತರು. “ಆಯ್ತು ಬಿಡಕ್ಕಾ, ಬರ್ತೀನಿ. ಈಗ ಊಟನಾದ್ರೂ ಮಾಡೋಕೆ ಬಿಡು!”

ಮರುದಿನ ಪ್ರತಿಯಕ್ಕ ಸಮಿತಿಯ ಕಾರ್ಯದರ್ಶಿಯ ಮುಂದೆ ನಿಂತರು. “ನನ್ನ ತಂಗಿ ಬರ್ತಿದಾಳೆ ಸಾರ್, ಮುಚ್ಚಿಡಲ್ಲ. ಸರದಿಯಲ್ಲಿ ಒಂದು ಹೆಜ್ಜೆನೂ ಮುಂದೆ ತರಬೇಡಿ. ಅವತ್ತು ಬಾಗಿಲಿಗೆ ಬೇರೆ ಯಾರನ್ನಾದ್ರೂ ಹಾಕಿ.” ಹಾಕಲು ಬೇರೆ ಯಾರೂ ಇರಲಿಲ್ಲ.

ಹೀಗಾಗಿ ತಂಗಿಯನ್ನು ಕರೆಯುವ ಕೆಲಸ ಅಕ್ಕನ ಪಾಲಿಗೇ ಬಂತು. “ಮುಂದಿನವರು ಬನ್ನಿ,” ಎಂದರು, ಎಲ್ಲರಿಗೂ ಹೇಳುವಂತೆಯೇ. ತಂಗಿ ಎದ್ದವರು ಮತ್ತೆ ಬೆಂಚಿನ ಮೇಲೆ ಕುಸಿದರು. “ಆಗಲ್ಲ ಕಣಕ್ಕಾ.” ಒಳಗಿನಿಂದ ಯಾರೋ “ಇನ್ಯಾರೂ ಇಲ್ಲವೇ? ಹಾಗಾದರೆ ಮುಗಿಸೋಣ,” ಎಂದರು. ಕೈ ಹಿಡಿದು ಎಳೆದೊಯ್ಯಲು ಪ್ರತಿಯಕ್ಕನ ಮನಸ್ಸು ಹಾತೊರೆಯಿತು. ಆದರೆ ನಿಂತಲ್ಲಿಂದ ಕದಲಲಿಲ್ಲ. ಬಾಗಿಲನ್ನು ಇನ್ನಷ್ಟು ಅಗಲ ತೆರೆದು ಹಿಡಿದರು. “ಇದಾರೆ ಸಾರ್, ಬರ್ತಿದಾರೆ.”

ತಂಗಿ ಸೆರಗು ಸರಿಮಾಡಿಕೊಂಡು ಎದ್ದರು. ಒಳಗೆ ನಡೆದರು.

ಸ್ವಲ್ಪ ಹೊತ್ತಿನ ಮುಂಚೆ ಮಾಲೀಕರ ಪರವಾಗಿ ಬಂದವರು, ಎಲ್ಲ ಯಂತ್ರಗಳಿಗೂ ಸ್ವಿಚ್ಚು ಇದ್ದೇ ಇದೆ, ಈ ಕಾನೂನು ಬೇಡದ ಹೊರೆ ಎಂದು ಹೇಳಿ ಹೋಗಿದ್ದರು. ಸಮಿತಿಯ ಅಧ್ಯಕ್ಷರು ಅದನ್ನೇ ಕೇಳಿದರು. “ನೀವಿದ್ದ ಕಡೆ ಸ್ವಿಚ್ಚು ಇರಲಿಲ್ಲವೇನಮ್ಮಾ?”

“ಇತ್ತು ಸಾರ್. ಸ್ವಿಚ್ಚು ಗೋಡೆ ಮೇಲಿತ್ತು. ನನ್ನ ಕೈ ರೋಲರ್ ಒಳಗಿತ್ತು.”

ತಂಗಿ ಮುಂದುವರಿಸಿದರು. “ಕಾಲಿಗೆ ಸಿಗೋ ಹಾಗೆ ಒಂದು ಪೆಡಲ್ ಇದ್ದಿದ್ರೆ ನಾನೇ ನಿಲ್ಲಿಸ್ಕೋತಿದ್ದೆ. ಪಾಪ, ನಮ್ಮಕ್ಕ ಅಷ್ಟು ಜೋರಾಗಿ ಓಡಬೇಕಾಗ್ತಿರಲಿಲ್ಲ.”

ಬಾಗಿಲಲ್ಲಿ ನಿಂತಿದ್ದ ಪ್ರತಿಯಕ್ಕ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು. “ನಾನು ಓಡಿದ್ದು ಅವಳಿಗೆ ಕಂಡಿತ್ತು ಅಂತ ನನಗೆ ಅವತ್ತೇ ಗೊತ್ತಾಗಿದ್ದು,” ಎನ್ನುವಾಗ ಈಗಲೂ ದನಿ ತಗ್ಗುತ್ತದೆ.

ಕೆಲಸದವರ ಕಾಲಿಗೇ ಎಟುಕುವಂತೆ ಯಂತ್ರ ನಿಲ್ಲಿಸುವ ವ್ಯವಸ್ಥೆ ಇರಬೇಕು ಎಂಬ ಮಾತನ್ನು ಸಮಿತಿ ತನ್ನ ವರದಿಯಲ್ಲಿ ಸೇರಿಸಿತು. ಸದನ ಅದನ್ನು ಒಪ್ಪಿ ಮಸೂದೆ ಅಂಗೀಕರಿಸಿತು. ಈ ಮೊದಲೇ ಗಾಯಗೊಂಡವರಿಗೆ ನೆರವು ಕೊಡಬೇಕೆಂಬ ಸಲಹೆ ಮಾತ್ರ ಬಿದ್ದುಹೋಯಿತು. ತಂಗಿಯ ಪಾಲಿಗೆ ಏನೂ ದಕ್ಕಲಿಲ್ಲ. ಅದಕ್ಕೆ ಅವರು ಎದೆಗುಂದಿಲ್ಲ. “ಈ ಸಲ ಅರ್ಧ ಕೇಳಿಸ್ಕೊಂಡಿದಾರೆ. ಉಳಿದರ್ಧ ಹೇಳೋಕೆ ಮತ್ತೆ ಹೋಗ್ತೀನಿ,” ಎನ್ನುವ ಅವರು ಈಗ ಲಾಂಡ್ರಿಯಿಂದ ಲಾಂಡ್ರಿಗೆ ತಿರುಗಿ ಹೆಂಗಸರನ್ನು ಮಾತಾಡಿಸುತ್ತಿದ್ದಾರೆ. ಅವರಲ್ಲಿ ಕೆಲವರು ಕೆಲಸ ಬಿಟ್ಟ ಹೊತ್ತಿಗೆ ಸದನದ ಗೇಟಿನ ಬಳಿ ಬಂದು, ಪ್ರತಿಯಕ್ಕನನ್ನು ಕಂಡು, ನಾವೂ ಒಳಗೆ ಬರಬಹುದಾ ಎಂದು ಅಳುಕುತ್ತ ಕೇಳುತ್ತಾರೆ.

ಪ್ರತಿಯಕ್ಕನಿಗಿರುವ ಆಸೆಯೂ ಅದೊಂದೇ.

“ಕಟ್ಟಡ ನೋಡಿ ಹೆದರಿ ಜನ ಗೇಟಿಂದಾನೇ ವಾಪಸ್ ಹೋಗ್ತಾರೆ. ಹೋಗಬಾರದು. ಏನು ಹೇಳಬೇಕು ಅನ್ನೋದನ್ನ ಅವರು ಯೋಚನೆ ಮಾಡ್ಕೊಂಡು ಬರಲಿ. ಬಾಗಿಲು ನಾನು ತೆಗೀತೀನಿ.”