ಪೇಟಿಯ ಮೇಲಿನ ಟಿಕಳಿ

ಸರಿಗಮ ಕಲಿಯಲು ಕೂತಾಗ ನನಗೆ ಮೂವತ್ತು ದಾಟಿತ್ತು. ಆ ವಯಸ್ಸಿನಲ್ಲಿ ಸಾಮಾನ್ಯವಾಗಿ ಹೆಂಗಸರು ಮಕ್ಕಳನ್ನು ಸಂಗೀತಕ್ಕೆ ಕಳಿಸುತ್ತಾರೆ, ತಾವು ಹೋಗುವುದಿಲ್ಲ. ಆದರೆ ಆಗ ಹೊಸಪೇಟೆಯಲ್ಲಿ ಎಲ್ಲರೂ ಏನಾದರೊಂದು ಹೊಸದಕ್ಕೆ ಕೈಹಾಕುತ್ತಿದ್ದ ಕಾಲ. ಅದಿರಿನ ಲಾರಿಗಳು ಹಗಲು ರಾತ್ರಿ ಓಡುತ್ತಿದ್ದವು. ಎದುರುಮನೆಯವರು ಮನೆಯ ಮೇಲೆ ಮನೆ ಕಟ್ಟಿಸಿದರು, ಪಕ್ಕದವರು ಗೋಡೆಯಷ್ಟು ದೊಡ್ಡ ಟಿವಿ ತಂದರು. ಲಾರಿ ತೂಗುವ ವೇಬ್ರಿಡ್ಜ್‌ನಲ್ಲಿ ಕೆಲಸ ಮಾಡುತ್ತಿದ್ದ ನನ್ನ ಗಂಡ ನನಗೇನು ಬೇಕೆಂದು ಕೇಳಿದರು. ಹಾರ್ಮೋನಿಯಂ ಬೇಕೆಂದೆ. ಬಂಗಾರ ಕೇಳುತ್ತೇನೆ ಎಂದುಕೊಂಡಿದ್ದರೇನೋ, ಮುಖದಲ್ಲಿ ನೆಮ್ಮದಿ ಕಂಡಿತು.

ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ. ಅದನ್ನು ಕಲಿಸಲು ಸಂಡೂರಿನಿಂದ ಒಬ್ಬ ಮಾಸ್ತರರು ಬಸ್ಸಿನಲ್ಲಿ ಬರುತ್ತಿದ್ದರು. ಹಿಂದೆ ನಾಟಕ ಕಂಪನಿಗಳಲ್ಲಿ ಪೇಟಿ ಬಾರಿಸಿದವರು. ಬಸ್ಸಿಳಿದು ಬಂದಾಗ ಅವರ ಬಿಳಿ ಅಂಗಿ ದಾರಿಯ ಅದಿರಿನ ಧೂಳಿಗೆ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತಿತ್ತು. ಬಾಗಿಲಲ್ಲೇ ನಿಂತು ಅಂಗಿ ಕೊಡವಿಕೊಂಡು ಒಳಗೆ ಬರುವರು.

ಬಾರಿಸುವುದರ ಜೊತೆಗೆ ಬರೆಯುವುದನ್ನೂ ಕಲಿಸಿದರು. ಕೋಮಲ ಸ್ವರಕ್ಕೆ ಅಕ್ಷರದ ಕೆಳಗೆ ಅಡ್ಡ ಗೆರೆ, ತೀವ್ರ ಮಧ್ಯಮಕ್ಕೆ ತಲೆಯ ಮೇಲೆ ನಿಂತ ಗೆರೆ. ಸ್ವರ ಕೆಳಗಿನ ಸಪ್ತಕದ್ದಾದರೆ ಕೆಳಗೆ ಚುಕ್ಕೆ, ಮೇಲಿನದಾದರೆ ಮೇಲೆ ಚುಕ್ಕೆ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ; ನಾನು ಹಾಲಿನವನ ಕೂಗು, ಕುಕ್ಕರಿನ ಸೀಟಿ, ಲಾರಿಯ ಹಾರ್ನು ಎಲ್ಲವನ್ನೂ ಸ್ವರದಲ್ಲಿ ಬರೆಯಲು ಹೊರಟೆ. ಒಂದು ದಿನ ಮಾಸ್ತರರು ನಾನು ಬರೆದದ್ದನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ, ಹಾಳೆಯನ್ನು ಉಫ್ ಎಂದು ಊದಿದರು.

"ಇದು ಮ್ಯಾಲಿನ ಸಪ್ತಕದ ಚುಕ್ಕಿ ಅಲ್ಲ ತಂಗಿ, ನಮ್ಮ ಸಂಡೂರಿನ ಧೂಳು" ಎಂದರು.

ಅಡುಗೆಮನೆಯಿಂದ ಅತ್ತೆ ನಕ್ಕದ್ದು ಕೇಳಿಸಿತು.

ಅತ್ತೆಯದು ಕಂಪ್ಲಿಯ ತವರು. ಮಾವ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವರಿಗೂ ನನಗೂ ಜಗಳವೇನೂ ಇರಲಿಲ್ಲ, ಬಳಕೆಯೂ ಹೆಚ್ಚಿರಲಿಲ್ಲ. ಉಪ್ಪು ಎಷ್ಟು, ಹಾಲು ಬಂತೇ, ಇಷ್ಟೇ ನಮ್ಮ ಮಾತು. ಆದರೆ ರೊಟ್ಟಿ ಬಡಿಯುವಾಗ ಅವರು ಹಾಡುತ್ತಿದ್ದರು. ತಾಯಿಯಿಂದ ಕಲಿತ ಒಂದು ಆರತಿ ಪದವಂತೂ ದಿನಾ ಇರುತ್ತಿತ್ತು. ಗಂಡಸರ ದನಿಗೆ ಸಮೀಪದ, ತಗ್ಗಿನ, ತುಂಬಿದ ದನಿ. ಮಾಸ್ತರರು ಬಂದ ದಿನ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಚಹಾ ಇಟ್ಟು ಒಳಗೆ ಹೋಗಿಬಿಡುವರು.

ಶುರುವಿನಲ್ಲಿ ಪೇಟಿಯ ಮೇಲೆ ಯಾವುದು ಸ, ಯಾವುದು ಪ ಎಂಬುದೇ ನನಗೆ ಗೊತ್ತಾಗುತ್ತಿರಲಿಲ್ಲ. ಕಪ್ಪು ಬಿಳುಪಿನ ಆ ಸಾಲು ನೋಡಿದರೆ ಕಣ್ಣು ಕತ್ತಲೆ ಬರುತ್ತಿತ್ತು. ಕಲಿಯುವವರಿಗೆ ಸುಲಭವಾಗಲೆಂದು ಮಾಸ್ತರರು ಮೊದಲ ಬಿಳಿ ಕೀಯನ್ನು, ಅವರ ಮಾತಿನಲ್ಲಿ ಬಿಳಿ ಒಂದನ್ನು, ಸ ಎಂದು ತೋರಿಸಿದ್ದರು. ಅಲ್ಲಿಂದ ಹೊರಟರೆ ಬರೀ ಬಿಳಿ ಕೀಗಳ ಮೇಲೆಯೇ ಶುದ್ಧ ಸ್ವರಗಳೆಲ್ಲ ಸಿಗುತ್ತವೆ. ಅದನ್ನೂ ನಾನು ಮರೆಯುತ್ತಿದ್ದೆ. ಒಂದು ಮಧ್ಯಾಹ್ನ ಸಿಟ್ಟಿಗೆದ್ದು ಪೇಟಿಯ ಮುಚ್ಚಳ ಬಡಿದಾಗ ಅತ್ತೆ ಒಳಗೆ ಹೋದರು. ತಮ್ಮ ಟ್ರಂಕಿನಿಂದ ಹಣೆಗೆ ಹಚ್ಚುವ ಟಿಕಳಿಗಳ ಹಾಳೆಗಳನ್ನು ತಂದು ನನ್ನ ಮುಂದಿಟ್ಟರು. ಮಾವ ಇದ್ದಾಗ ಕೊಂಡು ಉಳಿದವು.

"ನನಗಂತೂ ಇವು ಇನ್ನ ಬ್ಯಾಡ. ನಿನ್ನ ಪೇಟಿಗರ ಹಚ್ಚವ್ವಾ, ಗುರ್ತು ಸಿಗತೈತಿ" ಎಂದರು.

ಹಚ್ಚಿದವರೂ ಅವರೇ. ನಾನು ಕೀ ತೋರಿಸಿದೆ. ಸ ಎಂಬುದಕ್ಕೆ ಕುಂಕುಮ ಬಣ್ಣದ ದೊಡ್ಡ ಟಿಕಳಿ, ಪ ಎಂಬುದಕ್ಕೆ ಹಸಿರು, ಮಿಕ್ಕವಕ್ಕೆ ಸಾಸಿವೆ ಕಾಳಿನಂಥವು. ಬೆರಳಿನಿಂದ ಒತ್ತಿ ಒತ್ತಿ ಕೂರಿಸಿದರು. ನಾವಿಬ್ಬರೂ ಒಂದೇ ಕೆಲಸಕ್ಕೆ ಅಷ್ಟು ಹೊತ್ತು ಮಂಡಿಗೆ ಮಂಡಿ ತಾಗಿಸಿ ಕೂತದ್ದು ಅದೇ ಮೊದಲು. ನನಗೆ ಆ ಹೊತ್ತು ಬಹಳ ಇಷ್ಟವಾಗಿತ್ತು.

ಮುಂದಿನ ಪಾಠಕ್ಕೆ ಬಂದ ಮಾಸ್ತರರು ಪೇಟಿ ನೋಡಿ ತಲೆ ಕೆರೆದುಕೊಂಡರು. "ಚಂದ ಕಾಣ್ತೈತಿ ಬಿಡ್ರಿ, ಮದಿಮಗಳಾಗೈತಿ. ಆದ್ರ ಜಲ್ದಿ ಕಿತ್ತುಬಿಡ್ರಿ ತಂಗಿ. ಸ ಅನ್ನೋದು ಪೇಟಿದಲ್ಲ, ಹಾಡೋರದು. ಅವರು ಎಲ್ಲಿಂದ ದನಿ ತೆಗೀತಾರೋ ಅದ ಸ" ಎಂದರು. ನಾನು ಕಟ್ಟಿದ್ದ ಸಂಗೀತದ ಪರೀಕ್ಷೆ ಮುಗಿಯಲಿ ಎಂದೆ. ಆ ಮಾತಿನ ತೂಕ ನನಗೆ ಗೊತ್ತಾಗಿರಲಿಲ್ಲ. ಅಲ್ಲದೆ ಅತ್ತೆ ಹಚ್ಚಿದ್ದನ್ನು ಅವರ ಕಣ್ಣೆದುರೇ ಕೀಳಲು ಮನಸ್ಸೂ ಬರಲಿಲ್ಲ.

ಶ್ರಾವಣ ಬಂತು. ನಮ್ಮ ಓಣಿಯ ಈಶ್ವರನ ಗುಡಿಯಲ್ಲಿ ಸೋಮವಾರ ಸಂಜೆ ಹೆಂಗಸರ ಭಜನೆ. ಅತ್ತೆ ಗುಂಪಿನೊಳಗೆ ಗುಂಪಾಗಿ ಹಾಡಿದವರು, ಒಬ್ಬರೇ ಹಾಡಿದವರಲ್ಲ. ಒಂದು ಬೆಳಿಗ್ಗೆ ಹಿಟ್ಟು ನಾದುತ್ತ, ನನ್ನ ಮುಖ ನೋಡದೆ ಕೇಳಿದರು:

"ನಿಮ್ಮ ಮಾಸ್ತರ್ರು ಒಂದ್ಸಲ ನನ್ನ ಪದಕ್ಕ ಪೇಟಿ ಹಿಡೀತಾರೇನ? ನಮ್ಮವ್ವಗೂ ಭಾಳ ಆಸೆ ಇತ್ತು, ಪೇಟಿ ಮ್ಯಾಲೆ ಹಾಡಬೇಕಂತ. ಆಗಲಿಲ್ಲ."

ಮದುವೆಯಾಗಿ ಬಂದಾಗಿನಿಂದ ಅವರು ತಮಗಾಗಿ ನನ್ನನ್ನು ಏನನ್ನೂ ಕೇಳಿದವರಲ್ಲ. ಮಾಸ್ತರರಿಗೆ ಹೇಳಿದೆ. ಅವರು ಖುಷಿಯಿಂದ ಒಪ್ಪಿದರು. ಮೊದಲೇ ಒಮ್ಮೆ ಹಾಡಿಸಿ ನೋಡೋಣವೇ ಎಂದರೆ ಅತ್ತೆ ನಾಚಿ ಒಲ್ಲೆ ಎಂದರು. "ಬ್ಯಾಡಂದ್ರ ಬ್ಯಾಡ ಬಿಡ್ರಿ. ಅವರು ಅಲ್ಲೇ ಬಾಯಿ ತೆಗೀಲಿ, ನಾನು ಹಿಡಕೋತೀನಿ" ಎಂದರು ಮಾಸ್ತರರು.

ಆ ಸೋಮವಾರ ಅತ್ತೆ ಇಳಕಲ್ ಸೀರೆ ಉಟ್ಟರು. ಹಣೆಗೆ ವಿಭೂತಿ ಹಚ್ಚಿಕೊಂಡು ಹೊತ್ತಿಗೆ ಮೊದಲೇ ಗುಡಿಗೆ ಹೋಗಿ ಕೂತರು. ಕಂಬಕ್ಕೆ ಒರಗಿ, ತುಟಿಯಲ್ಲೇ ಪದ ಅಂದುಕೊಳ್ಳುತ್ತಿದ್ದರು. ನನ್ನ ಗಂಡ ಪೇಟಿ ಹೊತ್ತು ತಂದಿಟ್ಟರು. ಮಾಸ್ತರರು ಬರಲಿಲ್ಲ. ಸಂಡೂರು ರಸ್ತೆಯಲ್ಲಿ ಲಾರಿಯೊಂದು ಅಡ್ಡ ನಿಂತು, ಅದರ ಹಿಂದೆ ಲಾರಿಗಳ ಸಾಲು ಗುಡ್ಡದ ತನಕ ಬೆಳೆದಿತ್ತಂತೆ. ಆ ದಿನಗಳಲ್ಲಿ ಅದೇನು ಹೊಸದಲ್ಲ. ಬಾಣಂತಿಯರು, ಮದುವೆಯ ದಿಬ್ಬಣಗಳು ಆ ಸಾಲಿನಲ್ಲಿ ಸಿಕ್ಕಿಹಾಕಿಕೊಂಡದ್ದುಂಟು.

"ಸೊಸಿ ಕಲ್ತಾಳಲ್ಲ, ಆಕೀನ ಹಿಡೀಲಿ" ಎಂದು ಯಾರೋ ಅಂದರು. ಅತ್ತೆ ನನ್ನತ್ತ ನೋಡಿದರು. ಆ ನೋಟದಲ್ಲಿ ಹೆಮ್ಮೆ ಇತ್ತು. ನಾನೂ ಕೊಂಚ ಉಬ್ಬಿದೆ, ಸುಳ್ಳೇಕೆ ಹೇಳಲಿ. ಆ ಆರತಿ ಪದದ ಸ್ವರಗಳನ್ನು ಅಷ್ಟರಲ್ಲಿ ನಾನೇ ಬರೆದು, ಬಾರಿಸಿ ನೋಡಿದ್ದೆ. ಬಿಳಿ ಒಂದರಿಂದ ಅದು ಸರಾಗವಾಗಿ ಬರುತ್ತಿತ್ತು.

ಅತ್ತೆ ಕಣ್ಣು ಮುಚ್ಚಿ ಶುರು ಮಾಡಿದರು. ಅಡುಗೆಮನೆಯ ಅದೇ ತಗ್ಗಿನ ದನಿ. ನಾನು ದೊಡ್ಡ ಟಿಕಳಿಯ ಮೇಲೆ ಬೆರಳಿಟ್ಟೆ. ದನಿ ಒಂದು ಕಡೆ, ಪೇಟಿ ಒಂದು ಕಡೆ. ಅಕ್ಕಪಕ್ಕದ ಕೀಗಳನ್ನು ಒತ್ತಿ ಹುಡುಕಿದೆ, ಇನ್ನಷ್ಟು ಕೆಟ್ಟಿತು. ಹುಡುಗಿಯರು ಕಿಸಕ್ಕೆಂದರು. ನಾನು ಬಾರಿಸುವುದನ್ನು ನಿಲ್ಲಿಸಿ ಅತ್ತೆಯ ಕೈ ಮುಟ್ಟಿದೆ.

"ಅತ್ತೀ, ಅಲ್ಲಿಂದ ಅಲ್ರಿ. ಇಲ್ಲಿಂದ ಹಿಡೀರಿ" ಎಂದು ದೊಡ್ಡ ಟಿಕಳಿಯ ಕೀ ಒತ್ತಿ ಹಿಡಿದೆ.

ಅವರು ಕಿವಿಗೊಟ್ಟು ಕೇಳಿ ತಲೆಯಾಡಿಸಿದರು. ಪೇಟಿ ಹೇಳಿದ ಎತ್ತರದಿಂದ ಮತ್ತೆ ಶುರು ಮಾಡಿದರು. ಮೊದಲ ಸಾಲು ಹೇಗೋ ಬಂತು. ಎರಡನೆಯ ಸಾಲು ಮೇಲಿನ ಸ ಮುಟ್ಟಿ ಬರಬೇಕು. ಅವರ ಕತ್ತಿನ ನರ ಬಿಗಿಯಿತು, ದನಿ ಒಡೆದು ಕೆಮ್ಮಾಯಿತು. ಮತ್ತೊಮ್ಮೆ ಯತ್ನಿಸಿದರು. ಅದೇ ಜಾಗದಲ್ಲಿ ಮತ್ತೆ ಒಡೆಯಿತು. ಹಿರಿಯ ಹೆಂಗಸೊಬ್ಬರು, "ಆ ಪೇಟಿ ಬಿಟ್ಟು ಹಾಡವ್ವಾ" ಎಂದರು. ಅತ್ತೆ ಬೇಡವೆಂದು ಕೈಯಾಡಿಸಿ, ಸೆರಗು ಸರಿಮಾಡಿಕೊಂಡು ಹಿಂದೆ ಸರಿದು ಕೂತರು. ಮುಂದಿನವರು ಇನ್ನೊಂದು ಪದ ಎತ್ತಿಕೊಂಡರು.

ಮನೆಗೆ ಬರುವಾಗ ದಾರಿಯಲ್ಲಿ ಅತ್ತೆ ನನಗೇ ಸಮಾಧಾನ ಹೇಳಿದರು. "ನಿಂದೇನೂ ತಪ್ಪಿಲ್ಲ ಬಿಡವ್ವಾ. ಪೇಟಿ ಸುಳ್ಳು ಹೇಳಂಗಿಲ್ಲ. ನಾನ ಇಷ್ಟ ವರ್ಷ ತಪ್ಪು ಹಾಡಿಕೋತ ಬಂದೀನಿ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಅತ್ತೆ ನೆಲ ಡೊಂಕಿದ್ದಾಗಲೂ ತನಗೇ ಕುಣಿಯಲು ಬರುವುದಿಲ್ಲ ಎಂದುಕೊಳ್ಳುವ ಪೈಕಿ. ಮರುದಿನ ರೊಟ್ಟಿಯ ಸದ್ದು ಕೇಳಿತು, ಹಾಡು ಕೇಳಲಿಲ್ಲ. ಬೇಜಾರಾಗಿರಬೇಕು, ನಾಲ್ಕು ದಿನಕ್ಕೆ ಸರಿಹೋಗುತ್ತದೆ ಎಂದುಕೊಂಡೆ. ಸರಿಹೋಗಲಿಲ್ಲ.

ಮಾಸ್ತರರು ಬಂದು ಎಲ್ಲ ಕೇಳಿ ಪೇಟಿ ಹತ್ತಿರ ಎಳೆದುಕೊಂಡರು. ಬಳಿಕ ಅಲ್ಲೇ ಕೂತು, ಒಂದೇ ಪದವನ್ನು ಬೇರೆ ಬೇರೆ ಕೀಯಿಂದ ಹಿಡಿದು ಬಾರಿಸಿ ತೋರಿಸಿದರು. ಬರೆದ ಸ್ವರಗಳಲ್ಲಿ ಒಂದೂ ಬದಲಾಗಲಿಲ್ಲ. ಪದ ಮಾತ್ರ ತಗ್ಗಿಗೆ ಇಳಿಯಿತು, ಎತ್ತರಕ್ಕೆ ಏರಿತು. ಸ ಜಾಗ ಬಿಟ್ಟರೆ ಉಳಿದವೆಲ್ಲ ಅದರ ಹಿಂದೆಯೇ ಹೋಗುತ್ತವೆ ಎಂಬುದು ಆಗ ನನ್ನ ತಲೆಗೆ ಹತ್ತಿತು. ಅಷ್ಟು ಸುಲಭದ ಸಂಗತಿ. ನನಗೆ ಅಳು ಬಂತು, ಮಾಸ್ತರರ ಎದುರೇ ಅತ್ತುಬಿಟ್ಟೆ.

ಟಿಕಳಿಗಳನ್ನೆಲ್ಲ ಕಿತ್ತೆ. ಅಂಟು ಹೋಗಲು ಎಣ್ಣೆ ಹಚ್ಚಿ ಉಜ್ಜಿದೆ. ಸ ಬದಲಿಸಿ ಬಾರಿಸುವುದು ಕೈಗೆ ಕೂರಲು ತಿಂಗಳುಗಳೇ ಬೇಕಾದವು. ಕೈಗೆ ಕೂತ ದಿನ ಅಡುಗೆಮನೆಯ ಬಾಗಿಲಿಗೆ ಪೇಟಿ ಒಯ್ದಿಟ್ಟೆ.

"ನೀವು ಹಾಡಿದ್ದು ಸರಿ ಇತ್ರಿ ಅತ್ತೀ. ನಿಮ್ಮ ಸ ತಗ್ಗಿನಾಗ ಐತಿ, ಅಷ್ಟ. ನೀವು ಹಾಡ್ರಿ, ನಾನು ನಿಮ್ಮ ಹಿಂದ ಬರ್ತೀನಿ."

"ನನ್ನ ಸಮಾಧಾನಕ್ಕ ಎಷ್ಟು ಮಾಡ್ತೀ" ಎಂದು ನಕ್ಕರು. "ನೀನ ಬಾರಿಸು, ನಾನು ಕೇಳ್ತೀನಿ."

ಹಾಡಿರೆಂದು ಆಮೇಲೂ ಕೇಳಿದ್ದೇನೆ. ಹಬ್ಬಕ್ಕೆ ಕೇಳಿದೆ, ಶಾಲೆಗೆ ಹೋಗುತ್ತಿದ್ದ ನನ್ನ ಮಗಳ ಕೈಲಿ ಕೇಳಿಸಿದೆ. ಪ್ರತಿ ಸಲವೂ ಏನೋ ಒಂದು ಕೆಲಸ ನೆನಪಾಗಿ ಎದ್ದುಹೋಗುವರು. ನಾನು ಪರೀಕ್ಷೆಯಲ್ಲಿ ಪಾಸಾದೆ. ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರು.

ಮುಂದೆ ಅದಿರಿನ ಗಣಿ ನಿಂತಿತು. ರಸ್ತೆಯಲ್ಲಿ ಲಾರಿ ಕಡಿಮೆಯಾಗಿ ಊರು ಸದ್ದಿಲ್ಲದಂತಾಯಿತು. ಆ ಸದ್ದಿಲ್ಲದ ಮನೆಯಲ್ಲಿ ಅವರು ಒಮ್ಮೆ ಗುನುಗಿದ್ದರೂ ನನಗೆ ಕೇಳಿಸುತ್ತಿತ್ತು. ಗುನುಗಲಿಲ್ಲ. ಜ್ವರ ಬಂದು ಮಲಗಿದವರು ಹಾಗೆಯೇ ಹೋದರು. ಮನೆಯಲ್ಲಿ ಎಲ್ಲರ ಬಳಿಯೂ ಮೊಬೈಲ್ ಇತ್ತು. ಅವರ ದನಿ ಒಂದರಲ್ಲೂ ಇಲ್ಲ.

ಈಗ ಕೆಲವು ಸಂಜೆ ಆ ಆರತಿ ಪದ ಬಾರಿಸಲು ಕೂರುತ್ತೇನೆ. ನಾನು ಬರೆದಿಟ್ಟ ಸ್ವರಗಳಲ್ಲಿ ಒಂದು ಚುಕ್ಕೆ, ಒಂದು ಗೆರೆ ತಪ್ಪಿಲ್ಲ. ಮಾಸ್ತರರೇ ನೋಡಿ ಸರಿ ಎಂದಿದ್ದಾರೆ. ಆದರೆ ನಮ್ಮ ಬರವಣಿಗೆಯಲ್ಲಿ ಸ ಎಂದು ಬರೆಯಬಹುದೇ ಹೊರತು ಆ ಸ ಯಾರ ಗಂಟಲಿನದು ಎಂದು ಬರೆಯಲು ಗುರುತಿಲ್ಲ. ಗಂಡನನ್ನು ಕೇಳಿದರೆ, "ಅವ್ವ ಹಾಡ್ತಿದ್ಲು, ಅಷ್ಟ ಗೊತ್ತು" ಎನ್ನುತ್ತಾರೆ. ತಗ್ಗಿನ ಒಂದೊಂದೇ ಕೀ ಒತ್ತಿ, ಇದೇ ಇರಬಹುದೇ ಎಂದು ಕಣ್ಣು ಮುಚ್ಚಿ ಕೇಳುತ್ತೇನೆ. ಒಮ್ಮೊಮ್ಮೆ ಹೌದು ಅನ್ನಿಸುತ್ತದೆ, ಪಕ್ಕದ್ದು ಒತ್ತಿದರೆ ಅದೂ ಹೌದು ಅನ್ನಿಸುತ್ತದೆ. ಬಿಳಿ ಒಂದು ಅಲ್ಲ ಎಂಬುದು ಮಾತ್ರ ಗೊತ್ತು.